ಮಳೆ ಬಂದರೆ ರಜೆ ಹಾಕುತ್ತಿದ್ದ ಹುಡುಗಿ

(ಹೆಸರು, ವಯಸ್ಸು, ಕೆಲಸದ ವಿವರ ಬದಲಿಸಿದ್ದೇನೆ. ಅವಳು ಓದಿ ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಮೊದಲ ದಿನ ಅವಳು ಒಂದು ಪ್ಲಾಸ್ಟಿಕ್ ಕವರ್ ತಂದಿದ್ದಳು. ಒಳಗೆ ಎಂಟು ದಿನದ ಕೂದಲು. ಬ್ರಶ್‌ಗೆ ಸುತ್ತಿಕೊಂಡಿದ್ದು, ನೆಲದ ಮೇಲೆ ಬಿದ್ದಿದ್ದು, ದಿಂಬಿಗೆ ಅಂಟಿದ್ದು, ಎಲ್ಲ ಆರಿಸಿ ಇಟ್ಟಿದ್ದಳು. "ಇನ್ನೊಂದು ವರ್ಷಕ್ಕೆ ತಲೆ ಬೋಳಾಗುತ್ತೆ ಮೇಡಂ" ಅಂದಳು. ನಾನು "ನೀವು" ಎಂದು ಮಾತಾಡಿಸಿದರೆ, "ನೀನು ಅನ್ನಿ, ನಮ್ಮಕ್ಕನ ವಯಸ್ಸು ನಿಮ್ಮದು" ಎಂದಳು.

ಗೀತಾ ಎಂದು ಕರೆಯೋಣ. ಇಪ್ಪತ್ನಾಲ್ಕು ವರ್ಷ. ಯಲ್ಲಾಪುರದ ಕಡೆಯ ಸಿದ್ದಿ ಕುಟುಂಬದವಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ಆಮೇಲೆ ಘಟ್ಟದ ಕಾಡಿನಲ್ಲಿ ನೆಲೆ ನಿಂತವರ ವಂಶ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇವರ ಮನೆಗಳು ಜಾಸ್ತಿ. ಗೀತಾಳ ಕೂದಲು ಬುಡದಿಂದಲೇ ಸಣ್ಣ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುವಂಥದ್ದು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೌಂಟರ್ ಕೆಲಸ. ಸೇರುವಾಗ ಮೇಲಿನವರು "ಕೂದಲು ನೀಟಾಗಿರಲಿ" ಎಂದಿದ್ದರು. ಅಷ್ಟೇ ಮಾತು. ಇವಳಿಗೆ ಅದು "ನೇರ ಮಾಡಿಕೊಂಡು ಬಾ" ಅಂತ ಕೇಳಿಸಿತು. ಹಾಗೆ ಕೇಳಿಸಿದ್ದು ಸುಮ್ನೆ ಅಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಅವಳ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ನೋಡುತ್ತಿದ್ದರು. ಬಸ್ಸಿನಲ್ಲಿ ಈಗಲೂ ಅವಳನ್ನು ಇಂಗ್ಲಿಷಿನಲ್ಲಿ "ಯಾವ ದೇಶ?" ಎಂದು ಕೇಳುತ್ತಾರೆ. ಅವಳು ಕನ್ನಡದಲ್ಲಿ ಉತ್ತರ ಕೊಡುತ್ತಾಳೆ.

ಮೊದಲ ಸಂಬಳಗಳನ್ನು ಕೂಡಿಸಿ ಪಾರ್ಲರ್‌ನಲ್ಲಿ ಸ್ಮೂತನಿಂಗ್, ಅಂದರೆ ಕ್ರೀಮು ಹಚ್ಚಿ ಕೂದಲು ನೇರ ಮಾಡುವುದು, ಮಾಡಿಸಿದ್ದಳು. ಬುಡದ ಕೂದಲು ಮತ್ತೆ ಸುರುಳಿಯಾಗಿಯೇ ಬಂತು. ಇನ್ನೊಮ್ಮೆ ಮಾಡಿಸಲು ದುಡ್ಡಿರಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಐದಕ್ಕೆ ಎದ್ದು, ತಲೆ ಒದ್ದೆ ಮಾಡಿ, ರೌಂಡ್ ಬ್ರಶ್ಶು, ಹೇರ್ ಡ್ರೈಯರ್ ಹಿಡಿದು ಮುಕ್ಕಾಲು ಗಂಟೆ. ವಾರಕ್ಕೆ ಆರು ದಿನ, ಹದಿನಾಲ್ಕು ತಿಂಗಳು. ಮಳೆ ಬಂದ ದಿನ ಅಂಗಡಿ ಮುಟ್ಟುವಷ್ಟರಲ್ಲಿ ಎಲ್ಲ ಮತ್ತೆ ಸುತ್ತಿಕೊಳ್ಳುತ್ತಿತ್ತು. ಹಾಗಾಗಿ ಮಳೆ ಬಂದರೆ ರಜೆ. ಕಳೆದ ಜುಲೈನಲ್ಲಿ ಒಂಬತ್ತು ದಿನದ ಸಂಬಳ ಹೋಗಿತ್ತು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಹವಾಮಾನ ನೋಡುತ್ತಿದ್ದಳು.

ಅವಳ ಪ್ರಶ್ನೆ ಒಂದೇ. "ಡ್ರೈಯರ್‌ನಿಂದ ಕೂದಲು ಹಾಳಾಯ್ತಾ ಮೇಡಂ? ನಿಲ್ಲಿಸಿದ್ರೆ ಕೆಲಸ ಹೋಗುತ್ತೆ. ಮಾಡಿದ್ರೆ ಕೂದಲು ಹೋಗುತ್ತೆ."

ನಾನು ವೈದ್ಯೆಯಲ್ಲ. ಆದರೆ ಇಂಥ ಭಯಕ್ಕೆ "ಚಿಂತೆ ಮಾಡಬೇಡ" ಅಂದರೆ ಏನೂ ಆಗುವುದಿಲ್ಲ. ಕವರ್‌ನಲ್ಲಿದ್ದುದನ್ನು ಬಿಳಿ ಹಾಳೆಯ ಮೇಲೆ ಹರಡಿದೆವು. ಒಂದೊಂದೇ ಎಳೆ ತೆಗೆದು ಬುಡ ನೋಡಿದೆವು. ಬೇರಿನಿಂದ ಉದುರಿದ ಕೂದಲಿಗೆ ತುದಿಯಲ್ಲಿ ಗಸಗಸೆಗಿಂತ ಚಿಕ್ಕ ಬಿಳಿ ಗಂಟು ಇರುತ್ತದೆ. ಅಂಥವು ದಿನಕ್ಕೆ ಐವತ್ತರಿಂದ ನೂರು ಉದುರಿದರೂ ಸಹಜ. ಅವಳ ಹಾಳೆಯಲ್ಲಿ ಗಂಟಿನವು ಕಡಿಮೆ. ಹೆಚ್ಚಿನವು ಮೊಂಡು, ಎರಡು ಕಡೆಯೂ ಮುರಿದ ತುಂಡು. ಅವಳೇ ಎಣಿಸಿ ನೋಡಿ, "ಇದು ಉದುರಿದ್ದಲ್ಲ, ಮುರಿದದ್ದು" ಅಂದಳು. ಆ ದಿನ ಅವಳ ಉಸಿರು ಸ್ವಲ್ಪ ಸಡಿಲವಾಗಿದ್ದು ಆಗಲೇ.

ಚರ್ಮರೋಗ ವೈದ್ಯರ ಹತ್ತಿರ ಕಳಿಸಿದೆ. ನೆತ್ತಿ ಚೆನ್ನಾಗಿದೆ, ಎಲ್ಲೂ ಕಲೆಗಟ್ಟಿಲ್ಲ ಎಂದರು. ಎರಡು ತೊಂದರೆ ತೋರಿಸಿದರು. ಕಿವಿಯ ಮೇಲೆ, ಹಣೆಯಂಚಿನಲ್ಲಿ ಕೂದಲು ತೆಳುವಾಗಿತ್ತು. ಅದು ಬ್ರಶ್ಶಿನ ಎಳೆತ, ಮತ್ತೆ ಬಿಗಿಯಾಗಿ ಹಿಂದಕ್ಕೆ ಕಟ್ಟುವ ಜುಟ್ಟಿನ ಫಲ. ಬೇಗ ನಿಲ್ಲಿಸಿದರೆ ಸಾಮಾನ್ಯವಾಗಿ ತಿರುಗಿ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಕೂದಲಿನ ಬೇರೇ ಸತ್ತುಹೋಗುತ್ತದೆ. ಎರಡನೆಯದು, ಹೊಸ ಸುರುಳಿ ಮುಗಿದು ಹಳೆಯ ಸ್ಮೂತನಿಂಗ್ ಕೂದಲು ಶುರುವಾಗುವ ಜಾಗ. ಬುಡದಿಂದ ನಾಲ್ಕು ಇಂಚಿನಾಚೆ. ಮುರಿತ ಬಹುಪಾಲು ಅಲ್ಲೇ.

ಯಾಕೆ ಎಂಬುದನ್ನು ನಾನು ಅವಳಿಗೆ ಹೀಗೆ ಹೇಳಿದೆ. ಕೂದಲೊಳಗೆ ಎರಡು ಥರದ ಬೆಸುಗೆ ಇದೆ. ಒಂದು ನೀರಿಗೇ ಬಿಡುವಂಥದ್ದು. ತಲೆ ಒದ್ದೆಯಾದರೆ ಬಿಡುತ್ತದೆ, ಒಣಗಿದಾಗ ಕೂದಲು ಯಾವ ಆಕಾರದಲ್ಲಿದೆಯೋ ಹಾಗೇ ಮತ್ತೆ ಕೂಡುತ್ತದೆ. ಬ್ರಶ್ಶು, ಡ್ರೈಯರ್ ಮುಟ್ಟುವುದು ಇದನ್ನೇ. ಅದಕ್ಕೇ ಮಳೆಗಾಲದ ತೇವ ತಾಗಿದರೆ ಎಲ್ಲ ವಾಪಸ್. ಅದು ಅವಳ ಕೂದಲಿನ ತಪ್ಪಲ್ಲ, ಅದರ ಸಹಜ ಗುಣ. ಇನ್ನೊಂದು ಗಂಧಕದ ಬೆಸುಗೆ, ಗಟ್ಟಿ. ಸ್ಮೂತನಿಂಗ್ ಕ್ರೀಮಿನ ಥಯೋಗ್ಲೈಕೋಲೇಟ್, ಸುರುಳಿ ನೇರ ಮಾಡಲು ಆಫ್ರಿಕಾ, ಅಮೆರಿಕದ ಕಡೆ ಬಳಸುವ ರಿಲ್ಯಾಕ್ಸರ್ ಎಂಬ ಕ್ರೀಮಿನ ಸೋಡಿಯಂ ಹೈಡ್ರಾಕ್ಸೈಡ್, ಎರಡೂ ಒಡೆಯುವುದು ಇದನ್ನು. ಅಂಥ ಕೂದಲಿನ ಶಕ್ತಿ ಮೊದಲೇ ಕುಗ್ಗಿರುತ್ತದೆ. ಅದರ ಮೇಲೆ ದಿನಾ ಬಿಸಿ, ದಿನಾ ಎಳೆತ. ಗಟ್ಟಿ ದಾರಕ್ಕೆ ಲಡ್ಡಾದ ದಾರ ಗಂಟು ಹಾಕಿ ಜಗ್ಗಿದರೆ ಎಲ್ಲಿ ಹರಿಯುತ್ತದೆ? ಹಾಗೆ.

ಹಾಗಾದರೆ ಡ್ರೈಯರ್ ಬೇಡವೇ? ಅದನ್ನು ನಾನು ಹೇಳಲಿಲ್ಲ. 2011ರಲ್ಲಿ ಕೊರಿಯಾದ ವೈದ್ಯರು ಕೂದಲಿನ ಎಳೆಗಳನ್ನು ಬೇರೆ ಬೇರೆ ಬಿಸಿಯಲ್ಲಿ ಒಣಗಿಸಿ ನೋಡಿದ್ದಾರೆ. ಡ್ರೈಯರ್ 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸಿದಾಗ ಹಾನಿ ಕಡಿಮೆ. 5 ಸೆಂಟಿಮೀಟರ್ ಹತ್ತಿರದಲ್ಲಿ ಬಿಸಿ 95 ಡಿಗ್ರಿ ಮುಟ್ಟಿ, ಮೇಲಿನ ಪದರ ಬಿರುಕು ಬಿಟ್ಟಿತ್ತು. ಗೀತಾ ಬ್ರಶ್ಶಿಗೇ ತಾಗಿಸಿ ಹಿಡಿಯುತ್ತಿದ್ದಳು, ಅದೂ ನೀರು ತೊಟ್ಟಿಕ್ಕುವ ಕೂದಲಿಗೆ. ಬಿಸಿ ತೀರಾ ಜಾಸ್ತಿಯಾದರೆ ಒಳಗಿನ ನೀರು ಆವಿಯಾಗಿ ಕೂದಲೊಳಗೇ ಗುಳ್ಳೆ ಏಳುತ್ತದೆ. ಆ ಗುಳ್ಳೆ ಇದ್ದಲ್ಲಿ ಕೂದಲು ಪಟ್ ಅಂತ ಮುರಿಯುತ್ತದೆ.

ಅವಳನ್ನು ಇನ್ನೊಂದು ಹೆದರಿಕೆಯೂ ಕಾಡುತ್ತಿತ್ತು. ಬಿಸಿ ಬಾಚಣಿಗೆಯಿಂದ ಕಪ್ಪು ಜನರ ನೆತ್ತಿ ಶಾಶ್ವತವಾಗಿ ಬೋಳಾಗುತ್ತದೆ ಎಂದು ಎಲ್ಲೋ ಓದಿದ್ದಳು. 1968ರಲ್ಲಿ ಅಮೆರಿಕದ ವೈದ್ಯರು ಅಂಥ ರೋಗಕ್ಕೆ ಹಾಟ್ ಕೋಂಬ್ ಅಲೊಪೀಶಿಯಾ (ಬಿಸಿ ಬಾಚಣಿಗೆಯ ಬೋಳು) ಎಂದೇ ಹೆಸರಿಟ್ಟಿದ್ದು ನಿಜ. ಆದರೆ ಬಿಸಿ ಬಾಚಣಿಗೆ ಮುಟ್ಟದವರಲ್ಲೂ ಅದು ಕಂಡಿತು, ಹೆಸರು ಬದಲಾಯಿತು. ಕೆಲವರಲ್ಲಿ ಒಂದು ಜೀನಿನ ದೋಷವೂ ಇದೆ ಎಂದು 2019ರಲ್ಲಿ ತಿಳಿಯಿತು. ನೆತ್ತಿಯ ನಡುವೆ ಉರಿ, ನೋವು, ಬೋಳು ಕಂಡರೆ ಕಾಯದೆ ವೈದ್ಯರ ಬಳಿ ಹೋಗು ಎಂದೆ. ಅವಳಿಗೆ ಆ ಲಕ್ಷಣ ಯಾವುದೂ ಇರಲಿಲ್ಲ.

ನಾವಿಬ್ಬರೂ ಕೂತು ಮಾಡಿಕೊಂಡ ಒಪ್ಪಂದ ಹೀಗಿತ್ತು. ವಾರಕ್ಕೆ ಒಂದೇ ದಿನ ಡ್ರೈಯರ್. ಮೊದಲು ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು. ಸುರುಳಿ ಕೂದಲನ್ನು ಒಣಗಿದಾಗ ಬಾಚಿದರೆ ಜಾಸ್ತಿ ಮುರಿಯುತ್ತದೆ. ಮುಕ್ಕಾಲು ಪಾಲು ತಾನಾಗೇ ಆರಲಿ, ಆಮೇಲೆ ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ ನಡುವಿನ ಬಿಸಿಯಲ್ಲಿ ಬ್ರಶ್. ಹಣೆಯಂಚನ್ನು ಮುಟ್ಟುವಂತಿಲ್ಲ. ಹಳೆಯ ಸ್ಮೂತನಿಂಗ್ ಭಾಗವನ್ನು ತಿಂಗಳಿಗೆ ಒಂದಿಂಚಿನಂತೆ ಕತ್ತರಿಸುತ್ತ ಬರುವುದು. ಆನ್‌ಲೈನಿನಲ್ಲಿ ಒಂದು ರಿಲ್ಯಾಕ್ಸರ್ ಡಬ್ಬಿ ತರಿಸಲು ಹೊರಟಿದ್ದಳು. ಅದನ್ನು ಮಾತ್ರ ಖಡಾಖಂಡಿತವಾಗಿ ಬೇಡ ಎಂದೆ. ಸ್ಮೂತನಿಂಗ್‌ನ ಥಯೋಗ್ಲೈಕೋಲೇಟ್ ಹಾಕಿದ ಕೂದಲಿಗೆ ರಿಲ್ಯಾಕ್ಸರ್‌ನ ಹೈಡ್ರಾಕ್ಸೈಡ್ ಹಾಕಿದರೆ ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ.

ಉಳಿದ ಆರು ದಿನ ಏನು ಮಾಡುವುದು? ನಿಜವಾದ ಕೆಲಸ ಇದ್ದದ್ದು ಇಲ್ಲಿ. ಮೂರು ಭೇಟಿ ಇದಕ್ಕೇ ಹೋಯಿತು. ಒಂದೇ ಸಲ ಅಂಗಡಿಗೆ ಹೋಗು ಅನ್ನಲಿಲ್ಲ. ಮೊದಲು ಸುರುಳಿ ಕೂದಲಲ್ಲೇ ಓಣಿಯ ಕಿರಾಣಿ ಅಂಗಡಿಗೆ. ಆಮೇಲೆ ದುರ್ಗದ ಬೈಲಿನ ಪೇಟೆಗೆ ಸಂಜೆ ಹೊತ್ತು. ಆಮೇಲೆ ರಜೆಯ ದಿನ ಅಂಗಡಿಯ ಗೆಳತಿಯ ಮನೆಗೆ. ಹೋಗುವ ಮುಂಚೆ "ಏನಾಗಬಹುದು" ಎಂದು ಬರೆಯಬೇಕು, ಬಂದ ಮೇಲೆ "ಏನಾಯಿತು" ಎಂದು. ಮೊದಲ ಹಾಳೆಯಲ್ಲಿ ಹೀಗಿತ್ತು: "ಎಲ್ಲರೂ ನೋಡಿ ನಗುತ್ತಾರೆ." ಪಕ್ಕದಲ್ಲಿ: "ಒಬ್ಬ ಹುಡುಗ ನಕ್ಕ. ಅಂಗಡಿಯ ಅಜ್ಜಿ ಉಪ್ಪು, ಬೆಲ್ಲ ಕೊಟ್ಟು, ಊಟ ಆಯ್ತೇನವ್ವಾ ಅಂದ್ರು."

ಆ ಒಬ್ಬ ಹುಡುಗನ ನಗುವನ್ನು ನಾನು ಹಗುರ ಮಾಡಲಿಲ್ಲ. ಅದು ನೋಯಿಸಿತು, ನೋಯಿಸಬೇಕಾದದ್ದೇ. 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುಗೂದಲು ನೋಡಿ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದೆಂದು ಕಾನೂನೇ ಬಂತು, ಅದರ ಹೆಸರು ಕ್ರೌನ್ ಆಕ್ಟ್ ಎಂದು ಹೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. "ಅಂದ್ರೆ ನನ್ನೊಬ್ಬಳಿಗೇ ಅಲ್ಲ" ಅಂದಳು.

ಮೇಲಿನವರ ಜೊತೆ ಏನು ಮಾತಾಡಬೇಕೆಂದು ನನ್ನ ಮುಂದೆ ನಾಲ್ಕು ಸಲ ಹೇಳಿ ನೋಡಿದಳು. "ಸರ್, ಇದು ನನ್ನ ಹುಟ್ಟುಗೂದಲು. ಡಾಕ್ಟರು ದಿನಾ ಬಿಸಿ ತೋರಿಸಬಾರದು ಅಂದಿದಾರೆ. ಎಣ್ಣೆ ಹಚ್ಚಿ ಸಣ್ಣ ಜಡೆ ಹಾಕಿ, ನೀಟಾಗಿ ಬರ್ತೀನಿ." ಡಾಕ್ಟರ ಚೀಟಿಯನ್ನೂ ಒಯ್ದಿದ್ದಳು. ಅವರು ತಲೆಯೆತ್ತದೆ "ಆಯ್ತು" ಎಂದರಂತೆ. ಎರಡು ವರ್ಷ ಹೆದರಿದ್ದು ಆ ಒಂದು ಮಾತಿಗೆ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೂ ಗಂಟಲು ಕಟ್ಟಿತು.

ಈಗ ಏಳು ತಿಂಗಳಾಗಿದೆ. ಸ್ಮೂತನಿಂಗ್ ಭಾಗ ಪೂರ್ತಿ ಹೋಗಿದೆ. ಬಲಗಿವಿಯ ಮೇಲೆ ಹೊಸ ಕೂದಲು ಬಂದಿದೆ, ಎಡಕ್ಕೆ ಇನ್ನೂ ತೆಳುವೇ. ವೈದ್ಯರ ಔಷಧ ನಡೆಯುತ್ತಿದೆ. ತಮ್ಮನ ಮದುವೆಗೆ ನೇರ ಮಾಡಿಕೊಂಡಿದ್ದಳು, ತಾನೇ ಇಷ್ಟಪಟ್ಟು, ಫೋಟೋ ತೋರಿಸಿದಳು. ಚೆನ್ನಾಗಿ ಕಾಣುತ್ತಿದ್ದಳು. ಈ ಜುಲೈನಲ್ಲಿ ಎರಡು ದಿನ ರಜೆ ಹಾಕಿದ್ದಾಳೆ. ಒಂದು ಜ್ವರಕ್ಕೆ. ಇನ್ನೊಂದು ಮಳೆಗೆ ಅಂತ ಅವಳೇ ಒಪ್ಪಿಕೊಂಡಳು. ಮುಂದಿನ ಭೇಟಿಯಲ್ಲಿ ಆ ಒಂದು ದಿನದ ಬಗ್ಗೆ ಮಾತಾಡಬೇಕಿದೆ.