ಹಿತ್ತಲ ಕೋಳಿಗಳ ಹಿಕ್ಕೆಯಲ್ಲಿ ಹುಳು ಕಂಡಿದೆ: ಬೆಳ್ಳುಳ್ಳಿ ಸಾಕೇ, ಔಷಧ ಬೇಕೇ?

ಹಿಕ್ಕೆಯಲ್ಲಿ ಬಿಳಿಯ ಹುಳು ಕಂಡಿದೆ, ಬೆಳ್ಳುಳ್ಳಿ ಸಾಕೋ ಜಂತಿನ ಔಷಧವನ್ನೇ ಕೊಡಬೇಕೋ ಎಂದು ಕೇಳಿದ್ದೀರಿ. ನನ್ನ ಬಳಿ ಎಂಟು ಹೇಂಟೆಗಳಿದ್ದಾಗ ನಾನೂ ಇದನ್ನೇ ಕೇಳಿಕೊಂಡು ಅಲೆದೆ. ಅದು ಯಾವ ಹುಳು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಒಂದು ಬೆಳಗ್ಗೆ ಗೂಡಿನ ಹಲಗೆಯ ಮೇಲಿದ್ದ ಹಸಿ ಹಿಕ್ಕೆಯಲ್ಲಿ ಅಕ್ಕಿಯ ನುಚ್ಚಿನಂಥ ಚಪ್ಪಟೆ ತುಣುಕುಗಳು ಮೆಲ್ಲಗೆ ಮಿಸುಕುತ್ತಿದ್ದವು. ಹುಳುವೆಂದರೆ ಹುಳು, ಎಲ್ಲಕ್ಕೂ ಒಂದೇ ಔಷಧ ಎಂದುಕೊಂಡು ಅಂಗಡಿಯಿಂದ ಪಿಪರಜಿನ್ ತಂದು ಕುಡಿಯುವ ನೀರಿಗೆ ಬೆರೆಸಿದೆ. ಎರಡು ದಿನ ತುಣುಕುಗಳು ಕಾಣಲಿಲ್ಲ, ನಾನು ನೆಮ್ಮದಿಯಾಗಿದ್ದೆ. ಮತ್ತೆ ಕಂಡಾಗ ಮತ್ತೆ ಅದನ್ನೇ ಕೊಟ್ಟೆ. ಹೀಗೆ ಮೂರು ತಿಂಗಳಲ್ಲಿ ಮೂರು ಸಲ ಕೊಟ್ಟೆ. ಅಷ್ಟರಲ್ಲಿ ಮೊಟ್ಟೆಗಳು ಅರ್ಧಕ್ಕಿಳಿದಿದ್ದವು, ಜುಟ್ಟುಗಳು ಬಿಳಿಚಿಕೊಂಡಿದ್ದವು, ಕೈಗೆತ್ತಿಕೊಂಡರೆ ಎದೆಯ ಮೂಳೆ ಕತ್ತಿಯ ಅಲಗಿನಂತೆ ಅಂಗೈಗೆ ಒತ್ತುತ್ತಿತ್ತು. ನಂತರ ಎರಡು ಹೇಂಟೆಗಳು ಒಂದರ ಹಿಂದೊಂದು ಸತ್ತವು.

ಎರಡನೆಯದನ್ನು ಪಶುವೈದ್ಯರ ಬಳಿಗೆ ಒಯ್ದೆ. ಅವರು ಕರುಳನ್ನು ಉದ್ದಕ್ಕೆ ಸೀಳಿ ತೋರಿಸಿದಾಗ ಒಂದೇ ಒಂದು ದುಂಡು ಹುಳುವೂ ಇರಲಿಲ್ಲ. ಒಳಗೋಡೆಗೆ ಕಚ್ಚಿಕೊಂಡು ಬಿಳಿಯ ರಿಬ್ಬನ್‌ನಂಥ ಲಾಡಿಹುಳುಗಳು ಜೋತಾಡುತ್ತಿದ್ದವು. ಅವು ಕಚ್ಚಿದ ಕಡೆ ಸಣ್ಣ ಗಂಟುಗಳೆದ್ದಿದ್ದವು. ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿಯೇ ಹೇಳಬೇಕು. ಪಿಪರಜಿನ್ ಬಲಿತ ದೊಡ್ಡ ದುಂಡು ಹುಳುವಿನ ಸ್ನಾಯುಗಳನ್ನು ಜಡಗೊಳಿಸುತ್ತದೆ. ಹಿಡಿತ ತಪ್ಪಿದ ಹುಳು ಹಿಕ್ಕೆಯೊಂದಿಗೆ ಹೊರಬೀಳುತ್ತದೆ. ಲಾಡಿಹುಳುವಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಹಾಗಾದರೆ ಆ ಎರಡು ದಿನ ತುಣುಕುಗಳು ಮಾಯವಾದದ್ದೇಕೆ? ಲಾಡಿಹುಳು ತನ್ನ ಬಾಲದ ತುಣುಕುಗಳನ್ನು ದಿನವೂ ಒಂದೇ ಸಮನೆ ಉದುರಿಸುವುದಿಲ್ಲ. ಔಷಧ ಕೊಡದಿದ್ದರೂ ಅವು ಆ ಎರಡು ದಿನ ಕಾಣದೇ ಇರಬಹುದಿತ್ತು. ಆ ಬಿಡುವನ್ನೇ ನಾನು ಗುಣವೆಂದು ನಂಬಿದೆ, ಮೂರು ಸಲ ನಂಬಿದೆ.

ಉಳಿದ ಆರು ಕೋಳಿಗಳನ್ನು ತೂಗಿ, ವೈದ್ಯರು ಪ್ರಾಜಿಕ್ವಾಂಟೆಲ್ ಔಷಧವನ್ನು ಒಂದೊಂದರ ಬಾಯಿಗೇ ಹಾಕಿಸಿದರು. ನಂತರ ಮನೆಗೆ ಬಂದು ಮೇವಿನ ತಟ್ಟೆಯ ಕೆಳಗಿನ ಕೊಳೆತ ಹಲಗೆಯನ್ನು ಎತ್ತಿಸಿದರು. ಅಡಿಯಲ್ಲಿ ಇರುವೆಗಳು ಮುತ್ತಿಕೊಂಡಿದ್ದವು. ಲಾಡಿಹುಳು ಕೋಳಿಯಿಂದ ಕೋಳಿಗೆ ನೇರವಾಗಿ ಹರಡುವುದಿಲ್ಲ. ಅದರ ಮೊಟ್ಟೆಯನ್ನು ತಿಂದ ಇರುವೆ, ಜೀರುಂಡೆ ಅಥವಾ ಬಸವನಹುಳುವನ್ನು ಕೋಳಿ ಕುಕ್ಕಿ ನುಂಗಬೇಕು. ಚೆಲ್ಲಿದ ಕಾಳಿನಿಂದ ಆ ಇರುವೆಗಳನ್ನು ಸಾಕುತ್ತಿದ್ದವನು ನಾನೇ. ಹಲಗೆ ತೆಗೆದು, ತಟ್ಟೆಯನ್ನು ಎತ್ತರಕ್ಕೆ ತೂಗುಹಾಕಿದ ಮೇಲೆ ತುಣುಕುಗಳು ಮರಳಲಿಲ್ಲ.

ಆದ್ದರಿಂದ ಬೆಳ್ಳುಳ್ಳಿಯೋ ಔಷಧವೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಬೆಳ್ಳುಳ್ಳಿ, ಕುಂಬಳಬೀಜಗಳು ಹುಳು ತುಂಬಿದ ಕರುಳನ್ನು ಖಾಲಿ ಮಾಡುತ್ತವೆ ಎಂದು ನಂಬಿ ದಿನ ಕಳೆಯಬೇಡಿ. ಹಾಗೆಂದು ಕೈಗೆ ಸಿಕ್ಕಿದ ಜಂತುನಾಶಕವನ್ನೂ ಸುರಿಯಬೇಡಿ. ಇಂದೇ ಹಸಿ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ಕಂಡ ಹುಳುವನ್ನೂ ಜೊತೆಗಿಟ್ಟು ಪಶುವೈದ್ಯರಿಗೆ ತೋರಿಸಿ. ಸೂಕ್ಷ್ಮದರ್ಶಕದಲ್ಲಿ ಲಾಡಿಹುಳುವಿನ ಮೊಟ್ಟೆ ಎಷ್ಟೋ ಸಲ ಸಿಗುವುದಿಲ್ಲ, ಹಾಗಾಗಿ ಆ ತುಣುಕೇ ದೊಡ್ಡ ಸಾಕ್ಷಿ.

ನಿಮಗೆ ಕಂಡದ್ದು ನೂಲಿನಂತೆ ದುಂಡಗೆ, 5 ರಿಂದ 12 ಸೆಂಟಿಮೀಟರ್ ಉದ್ದವಿದ್ದರೆ ಅದು ದೊಡ್ಡ ದುಂಡು ಹುಳು. ಆಗ ಫೆನ್‌ಬೆಂಡಜೋಲ್‌ನಂಥ ಔಷಧವನ್ನು ವೈದ್ಯರು ತೂಕ ನೋಡಿ ಹೇಳುತ್ತಾರೆ. ಪಿಪರಜಿನ್ ಕೊಟ್ಟರೆ ಕರುಳಿನ ಗೋಡೆಯೊಳಗೆ ಅಡಗಿದ ಎಳೆಯ ಹುಳುಗಳು ಉಳಿದುಬಿಡುವುದರಿಂದ ಮತ್ತೊಮ್ಮೆ ಕೊಡಬೇಕಾಗುತ್ತದೆ. ಈ ಹುಳುವಿನ ಮೊಟ್ಟೆ ನೆಲದಲ್ಲಿ ಬಲಿತು ಸೋಂಕು ಹರಡುವಂತಾಗಲು ಸುಮಾರು 10 ರಿಂದ 20 ದಿನ ಬೇಕು. ವಾರಕ್ಕೊಮ್ಮೆಯಾದರೂ ಹಿಕ್ಕೆ ತೆಗೆದು ಹಾಸನ್ನು ಒಣಗಿಸಿಟ್ಟರೆ ಅರ್ಧ ಯುದ್ಧ ಅಲ್ಲೇ ಮುಗಿಯುತ್ತದೆ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಹುಳುವನ್ನು ಹುಡುಕುತ್ತ ಕೂರಬೇಡಿ. ಅದು ಕಾಕ್ಸಿಡಿಯೋಸಿಸ್, ಅಂದರೆ ಹುಳುವಲ್ಲದ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ ಬರುವ ಕರುಳಿನ ರೋಗ ಆಗಿರಬಹುದು, ಅದಕ್ಕೆ ಜಂತಿನ ಔಷಧ ನಾಟುವುದಿಲ್ಲ.

ಔಷಧ ಬರೆಸಿಕೊಳ್ಳುವಾಗಲೇ ಮೊಟ್ಟೆಗಳನ್ನು ಎಷ್ಟು ದಿನ ತಿನ್ನದೆ ಎಸೆಯಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ. ಅದು ಔಷಧದಿಂದ ಔಷಧಕ್ಕೆ ಬೇರೆಯಾಗುತ್ತದೆ.