‘ಇದೊಂದು ಮ್ಯಾಚ್, ಅಮ್ಮ’: ಊಟಕ್ಕೆ ಕರೆದರೆ ಮಗ ರೇಗುವುದೇಕೆ?

ಪ್ರಶ್ನೆ: ಮಗ ಎಂಟನೇ ಕ್ಲಾಸು. ಸಂಜೆ ಜಗಲಿಯ ಮೂಲೆಯಲ್ಲಿ (ನಮ್ಮಲ್ಲಿ ರೇಂಜ್ ಸಿಗುವುದು ಅಲ್ಲಿ ಮಾತ್ರ) ಕೂತು ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಅರ್ಧ ಗಂಟೆ ಎಂದು ಮೊದಲೇ ಮಾತಾಗಿದೆ. ಆದರೂ ಎಂಟಕ್ಕೆ ಊಟಕ್ಕೆ ಕರೆದರೆ ರೇಗುತ್ತಾನೆ, ಫೋನ್ ಕಸಿದುಕೊಂಡರೆ ಬಾಗಿಲು ಬಡಿಯುತ್ತಾನೆ. ಗುಂಡು ಹಾರಿಸುವ ಆಟದಿಂದ ಹೀಗಾಯಿತೇ? ತಂಗಿ ಮೈನ್‌ಕ್ರಾಫ್ಟ್ ಆಡುತ್ತಾಳೆ, ಅವಳದ್ದೇನೂ ಗಲಾಟೆಯಿಲ್ಲ.
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಅವನು ಆಡುವ ಆಟ ನಡೆಯುವ ಕ್ರಮವನ್ನು ಒಮ್ಮೆ ನೋಡಿ. ಐವತ್ತು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಆಡುವ ಜಾಗದ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರದು ಗೆಲುವು, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ನಿಮಿಷಗಳು ಬಂದೂಕು ಹುಡುಕುವುದರಲ್ಲೇ ಹೋಗುತ್ತವೆ. ಎದೆ ಹೊಡೆದುಕೊಳ್ಳುವುದು ಕೊನೆಗೆ. ನಿಮ್ಮ ‘ಊಟಕ್ಕೆ ಬಾ’ ಬೀಳುವುದು ಸರಿಯಾಗಿ ಅಲ್ಲಿಗೆ. ಎಲ್ಲರ ಆಟವೂ ಒಂದೇ ಸರ್ವರಿನಲ್ಲಿ ಒಟ್ಟಿಗೆ ಓಡುವುದರಿಂದ ನಡುವೆ ನಿಲ್ಲಿಸಿಡುವ ಗುಂಡಿಯೇ ಇಲ್ಲ. ಎದ್ದು ಬಂದರೆ ತಂಡದ ಉಳಿದ ಮೂವರಿಗೆ ಪೆಟ್ಟು, ಇವನ ರ‍್ಯಾಂಕ್ ಅಂಕಕ್ಕೂ ಕತ್ತರಿ. ಮರುದಿನ ಶಾಲೆಯಲ್ಲಿ ಆ ಮೂವರ ಬೈಗಳು ಬೇರೆ.

ತಂಗಿ ಒಬ್ಬಳೇ ಕಟ್ಟುವ ಲೋಕವನ್ನು ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು. ಅದಕ್ಕೇ ಜಗಳವಿಲ್ಲ. ಆದರೆ ಆ ಆಟಕ್ಕೆ ‘ಮುಗಿಯಿತು’ ಎಂಬುದೂ ಇಲ್ಲ. ಅಲ್ಲಿ ಒಂದು ಹಗಲು-ರಾತ್ರಿ ನಮ್ಮ 20 ನಿಮಿಷ. ಬೆಳಗಾಗಲಿ, ಗೋಡೆ ಮುಗಿಯಲಿ ಎನ್ನುತ್ತಾ ಒಂದೂವರೆ ಗಂಟೆ ಜಾರಿರುತ್ತದೆ. ಗಲಾಟೆ ಇಲ್ಲವೆಂದು ಅವಳ ಹೊತ್ತನ್ನು ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ. ಅಲಾರಂ ಬೇಕಾದದ್ದು ಅವಳಿಗೆ.

ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ. ಭಾಗವತರು ಮಂಗಳ ಹಾಡಿದರೆ ಜನ ಚಾಪೆ ಸುತ್ತುತ್ತಾರೆ. ಫೋನಿನ ಆಟದಲ್ಲಿ ಮಂಗಳದ ಜಾಗದಲ್ಲಿ ಮುಂದಿನ ಮ್ಯಾಚಿನ ಗುಂಡಿ ಇರುತ್ತದೆ, ಅದೂ ಹೆಬ್ಬೆರಳಿನ ಬುಡದಲ್ಲೇ.

ಹಾಗಾಗಿ ಮಗನಿಗೆ ಏಳುವ ಹೊತ್ತನ್ನಲ್ಲ, ಶುರು ಮಾಡುವ ಹೊತ್ತನ್ನು ಗೊತ್ತುಮಾಡಿ: ಎಂಟಕ್ಕೆ ಊಟವಾದರೆ 7.40ರ ಮೇಲೆ ಹೊಸ ಮ್ಯಾಚ್ ಇಲ್ಲ. ಮೂರೇ ನಿಮಿಷಕ್ಕೆ ಸತ್ತರೂ ಇಲ್ಲ. ಆ ವಾದ ಮೊದಲ ದಿನವೇ ಬರುತ್ತದೆ, ತಯಾರಾಗಿರಿ. ಮಕ್ಕಳ ಫೋನಿಗೆ ಹೊತ್ತು ಗೊತ್ತುಮಾಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಬಳಸುವುದಾದರೆ ಬೀಗ ಬೀಳುವ ಹೊತ್ತನ್ನು 8.15ಕ್ಕೆ ಇಡಿ. ಎಂಟಕ್ಕೇ ಇಟ್ಟರೆ, ಮ್ಯಾಚ್ ತುಸು ಎಳೆದ ದಿನ ನಡುವೆಯೇ ಬೀಗ ಬಿದ್ದು ಕೂಗಾಟ ಮತ್ತೆ ಶುರು. ಫೋನಿನಲ್ಲಿ ಮಗನದೇ ಗೂಗಲ್ ಖಾತೆ ಇದ್ದರೆ ಮಾತ್ರ ಇದು ನಡೆಯುತ್ತದೆ. ನಿಮ್ಮ ಖಾತೆಯಲ್ಲೇ ಆಡುತ್ತಿದ್ದರೆ ಉಳಿಯುವುದು ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್‌ನ ಟೈಮರ್. ಅದನ್ನು ತೆಗೆಯಲು ಅವನಿಗೆ ಅರ್ಧ ನಿಮಿಷ ಸಾಕು. ಸಿಟ್ಟಿನಲ್ಲಿ ಆಟವನ್ನೇ ಅಳಿಸಬೇಡಿ. ಗೆಸ್ಟ್ ಆಗಿ (ಯಾವ ಖಾತೆಗೂ ಜೋಡಿಸದೆ) ಆಡುತ್ತಿದ್ದರೆ ತಿಂಗಳುಗಟ್ಟಲೆ ಗಳಿಸಿದ್ದೆಲ್ಲ ಹೋಗಬಹುದು, ಆಮೇಲಿನ ರಂಪ ಬೇರೆಯೇ.

ಮಳೆಗಾಲದಲ್ಲಿ ಇನ್ನೊಂದನ್ನು ಗಮನಿಸಿ. ರೇಂಜ್ ಅಲುಗಾಡಿದರೆ ಇವನು ಹೊಡೆದ ಗುಂಡು ತಡವಾಗಿ ಸರ್ವರ್ ಮುಟ್ಟುತ್ತದೆ. ಅಷ್ಟರಲ್ಲಿ ಇವನೇ ಸತ್ತಿರುತ್ತಾನೆ. ಆ ಸಿಟ್ಟು ನಿಮ್ಮ ಮೇಲಿನದ್ದಲ್ಲ. ಹತ್ತು ನಿಮಿಷ ಬಿಟ್ಟು ಮಾತಾಡಿಸಿ.

ಇನ್ನು ಗುಂಡಿನ ವಿಷಯ. ಅಮೆರಿಕದ ಮನೋವಿಜ್ಞಾನಿಗಳ ಸಂಘ ಎಪಿಎ 2020ರಲ್ಲಿ ಹೇಳಿದ್ದು ಇಷ್ಟು: ಇಂಥ ಆಟಗಳಿಗೂ ಕೂಗಾಟ, ತಳ್ಳಾಟದಂಥ ವರ್ತನೆಗೂ ಸಣ್ಣ ನಂಟು ಕಾಣುತ್ತದೆ, ಗಂಭೀರ ಹಿಂಸೆಗೆ ಇವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ.

ಪ್ರಶ್ನೆ: ಫ್ರೀ ಫೈರ್ ಆಟದೊಳಗೆ ಖರ್ಚು ಮಾಡುವ ಡೈಮಂಡ್ ಎಂದು ಮಗ ನನ್ನ ಫೋನಿನಿಂದ 1,600 ರೂಪಾಯಿ ಖಾಲಿ ಮಾಡಿದ್ದಾನೆ. ಕಳ್ಳತನ ಕಲಿತನೇ?
– ಒಬ್ಬ ತಂದೆ, ಪೆರ್ಲ

ಉತ್ತರ: ರೂಪಾಯಿ ಡೈಮಂಡ್ ಆದ ಕೂಡಲೇ ಬೆಲೆಯ ಅಂದಾಜು ತಪ್ಪುತ್ತದೆ, ಹಾಗೆ ತಪ್ಪಲೆಂದೇ ಆ ಏರ್ಪಾಡು. ಡೈಮಂಡ್ ಕೊಟ್ಟು ಬಹುಮಾನದ ಚಕ್ರ ತಿರುಗಿಸುವ ಸ್ಪಿನ್ ಅದಕ್ಕಿಂತ ಕೆಟ್ಟದು. ಯಾವ ಸಲ ಬಹುಮಾನ ಬೀಳುತ್ತದೆಂದು ತಿಳಿಯದಿದ್ದಾಗಲೇ ಕೈ ಮತ್ತೆ ಮತ್ತೆ ಹೋಗುವುದು. ಇದೇ ಬಗೆಯ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಆಟದಲ್ಲಿ ಹಣಕ್ಕೆ ಮಾರುವುದನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ತಡೆಯಿತು.

ಪ್ಲೇ ಸ್ಟೋರಿನಲ್ಲಿ ಕೊಂಡು 48 ಗಂಟೆ ಆಗಿರದಿದ್ದರೆ ಇವತ್ತೇ ಗೂಗಲ್‌ಗೆ ರಿಫಂಡ್ ಕೇಳಿ. ಆಮೇಲೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಚೇಸ್ ವೆರಿಫಿಕೇಶನ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಫೋನಿನಲ್ಲಿ ಮಗನ ಬೆರಳಚ್ಚೂ ಇದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲವಾದರೆ ಈ ಬೀಗದ ಇನ್ನೊಂದು ಕೀಲಿ ಅವನ ಕೈಯಲ್ಲೇ ಇದ್ದ ಹಾಗೆ.

ಪ್ರಶ್ನೆ: ಚಟ ಎನ್ನುವುದು ಯಾವಾಗ?
– ಮಂಜೇಶ್ವರದ ಓದುಗರು

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಗಂಟೆ ಲೆಕ್ಕ ಹಾಕುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಯುವುದು – ಇವು ಮೂರೂ ಸಾಮಾನ್ಯವಾಗಿ 12 ತಿಂಗಳು ಕಾಣಬೇಕು. ಏಪ್ರಿಲ್-ಮೇ ರಜೆಯಲ್ಲಿ ಹೆಚ್ಚಿ, ಜೂನ್‌ನಲ್ಲಿ ಶಾಲೆ ಶುರುವಾದಾಗ ತಾನಾಗಿ ಇಳಿದರೆ ಅದು ರಜೆಯ ಹುಚ್ಚು. ಶಾಲೆ, ನಿದ್ದೆ, ಊಟ ಮೂರೂ ಕೆಟ್ಟಿದ್ದರೆ ವರ್ಷ ತುಂಬುವವರೆಗೆ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಉಚಿತ.