ನಾದಿನಿ ದುಬೈಗೆ ಬರಲು ನಾನು ಸಹಿ ಹಾಕಲೇ?

ಪ್ರಶ್ನೆ: ನಾನು ಉಡುಪಿ ಕಡೆಯವನು, ದುಬೈನಲ್ಲಿ ಅಕೌಂಟೆಂಟ್. ಹೆಂಡತಿ ಫಿಲಿಪ್ಪೀನ್ಸ್‌ನ ಇಲೋಯ್ಲೊದವಳು, ಇಲ್ಲೇ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ತಂಗಿಗೆ 27 ವರ್ಷ, 3 ವರ್ಷದ ಮಗಳಿದ್ದಾಳೆ, ಗಂಡ ಬಿಟ್ಟುಹೋಗಿದ್ದಾನೆ. ಶಾರ್ಜಾದಲ್ಲಿರುವ ಅವರ ಊರಿನ ಹೆಂಗಸೊಬ್ಬಳು, ‘ಟೂರಿಸ್ಟ್ ವೀಸಾದಲ್ಲಿ ಬಾ, 1,200 ದಿರ್ಹಾಮ್‌ಗೆ ಮನೆಗೆಲಸ ಕೊಡಿಸ್ತೀನಿ, ಆಮೇಲೆ ವೀಸಾ ಬದಲಾಯಿಸಿಕೊಂಡರಾಯ್ತು’ ಎಂದಿದ್ದಾಳೆ. ಏಜೆನ್ಸಿ ಮೂಲಕ ಬಂದರೆ ತಿಂಗಳುಗಟ್ಟಲೆ ಕಾಯಬೇಕಂತೆ. ‘ನಮ್ಮನ್ನು ನೋಡಲು ಬರುತ್ತಿದ್ದಾಳೆ, ಖರ್ಚೆಲ್ಲ ನಮ್ಮದು’ ಎಂದು ಅವರ ಕಾನ್ಸುಲೇಟ್‌ನಲ್ಲಿ ನಾನು ಅಫಿಡವಿಟ್ ಕೊಟ್ಟು, ಟಿಕೆಟ್ ತೆಗೆಸಿಕೊಡಬೇಕು ಎಂಬುದು ಹೆಂಡತಿ ಮತ್ತು ಅತ್ತೆಯ ಹಟ. ಹೆಂಡತಿಯೂ 10 ವರ್ಷದ ಹಿಂದೆ ಹೀಗೇ ಬಂದವಳು. ನಾನು ಹಿಂಜರಿದಾಗ, ‘ನಿನ್ನ ಸ್ವಂತ ತಂಗಿಯಾಗಿದ್ದರೆ ಸಹಿ ಹಾಕುತ್ತಿದ್ದೆ’ ಎಂದಳು. ಒಂದು ವಾರದಿಂದ ಮನೆಯಲ್ಲಿ ಮಾತಿಲ್ಲ. ಏನು ಮಾಡಲಿ?
– ಹೆಸರು ಬೇಡ, ದುಬೈ

ಉತ್ತರ: ಸಹಿ ಹಾಕಬೇಡಿ. ಆದರೆ ‘ಆಗಲ್ಲ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲೂ ಬೇಡಿ. ಆ ಮನೆಗೆ ನಿಜಕ್ಕೂ ದುಡ್ಡಿನ ಅಗತ್ಯವಿದೆ.

ಮೊದಲು ನಿಮ್ಮ ಹೆಂಡತಿಯ ಮಾತಿಗೇ ಬರುತ್ತೇನೆ. ತಾನು ಬಂದ ದಾರಿಯಲ್ಲಿ ತಂಗಿಯೂ ಬರಲಿ ಎಂದು ಅವರು ಬಯಸುವುದರಲ್ಲಿ ತಪ್ಪಿಲ್ಲ. ಅವರ ಕೈಹಿಡಿದ ದಾರಿ ಅದು. ಆದರೆ ಅವರು ಸೇರಿದ್ದು ಅಂಗಡಿಗೆ. ಅಲ್ಲಿ ಜೊತೆಗೆ ಕೆಲಸದವರಿರುತ್ತಾರೆ, ಗಿರಾಕಿಗಳು ಬಂದುಹೋಗುತ್ತಾರೆ, ರಾತ್ರಿ ಶಟರ್ ಎಳೆದ ಮೇಲೆ ತಮ್ಮ ರೂಮಿಗೆ ಬರಬಹುದು. ತಂಗಿ ಸೇರಲಿರುವುದು ಮನೆಗೆ. ಅಲ್ಲಿ ಕೆಲಸದ ಜಾಗ, ಮಲಗುವ ಜಾಗ, ಊಟ ಕೊಡುವವರು, ಸಂಬಳ ಕೊಡುವವರು ಎಲ್ಲ ಒಂದೇ ಬಾಗಿಲ ಒಳಗೆ. ಆ ಬಾಗಿಲ ಹಿಂದೆ ಏನಾದರೂ ಆದರೆ ಹೊರಗೆ ಯಾರನ್ನು ಹಿಡಿದು ಕೇಳಬೇಕು? ನನಗೆ ಮುಖ್ಯವಾದ ಪ್ರಶ್ನೆ ಇದೊಂದೇ.

ಫಿಲಿಪ್ಪೀನ್ಸ್ ಈ ಪ್ರಶ್ನೆಗೆ ಬಹಳ ನೋವು ತಿಂದು ಉತ್ತರ ಹುಡುಕಿಕೊಂಡ ದೇಶ. 1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯಾನ್ ಎಂಬ ಮನೆಗೆಲಸದಾಕೆಯನ್ನು ಸಿಂಗಪುರದಲ್ಲಿ ಗಲ್ಲಿಗೇರಿಸಿದಾಗ ಇಡೀ ದೇಶ ಕುದಿದುಹೋಯಿತು. ಅದೇ ವರ್ಷ ಜೂನ್‌ನಲ್ಲಿ ವಲಸೆ ಕಾರ್ಮಿಕರ ಕಾಯ್ದೆ ಬಂತು. 2018ರಲ್ಲಿ ಕುವೈತ್‌ನ ಖಾಲಿ ಮನೆಯೊಂದರ ಫ್ರೀಜರ್‌ನಲ್ಲಿ ಫಿಲಿಪ್ಪೀನ್ಸ್‌ನ ಮನೆಗೆಲಸದಾಕೆಯ ಶವ ಸಿಕ್ಕಿದಾಗ ಅಲ್ಲಿಗೆ ಕೆಲಸಗಾರರನ್ನು ಕಳಿಸುವುದನ್ನೇ ಸರ್ಕಾರ ಕೆಲಕಾಲ ನಿಲ್ಲಿಸಿತ್ತು. ಆ 1995ರ ಕಾಯ್ದೆಯ ಒಂದು ಅಂಶವನ್ನು ನಿಮ್ಮ ಹೆಂಡತಿಗೆ ಬಿಡಿಸಿ ಹೇಳಿ: ಮಾಲೀಕ ಸಂಬಳ ಕೊಡದಿದ್ದರೆ, ನಡುವೆಯೇ ಹೊರಗಟ್ಟಿದರೆ, ಆ ಬಾಕಿಗೆ ಮನಿಲಾದ ಏಜೆನ್ಸಿಯೂ ಅವನಷ್ಟೇ ಹೊಣೆ. ನಿಮ್ಮ ನಾದಿನಿ ತಮ್ಮ ದೇಶದಲ್ಲೇ, ತಮ್ಮ ಭಾಷೆಯಲ್ಲೇ ಕೇಸು ಹಾಕಿ ವಸೂಲು ಮಾಡಬಹುದು. ಜೊತೆಗೆ ಏಜೆನ್ಸಿ ತನ್ನ ಖರ್ಚಿನಲ್ಲೇ ವಿಮೆ ಮಾಡಿಸಬೇಕು. ಶಾರ್ಜಾದ ಆ ಹೆಂಗಸಿಗೆ ಇದರಲ್ಲಿ ಯಾವ ಹೊಣೆಯೂ ಇಲ್ಲ. ನಾಳೆ ಆಕೆ ಫೋನ್ ಎತ್ತದಿದ್ದರೆ ಅಲ್ಲಿಗೆ ಮುಗಿಯಿತು.

ಸಂಬಳದ ಲೆಕ್ಕವನ್ನೂ ನೋಡಿ, ನೀವು ಅಕೌಂಟೆಂಟ್. ಡಾಲರ್‌ಗೆ 3.67 ದಿರ್ಹಾಮ್. ಹಾಗಾದರೆ 1,200 ದಿರ್ಹಾಮ್ ಎಂದರೆ 330 ಡಾಲರ್ ಕೂಡ ಆಗುವುದಿಲ್ಲ. ಹೊರದೇಶಕ್ಕೆ ಹೋಗುವ ಮನೆಗೆಲಸದವರಿಗೆ ತಿಂಗಳಿಗೆ ಕನಿಷ್ಠ 400 ಡಾಲರ್ ಎಂದು ಫಿಲಿಪ್ಪೀನ್ಸ್ 2006ರಲ್ಲೇ ನಿಗದಿ ಮಾಡಿತ್ತು, 2025ರಲ್ಲಿ ಅದನ್ನು 500ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಬೇಗ ಕೆಲಸ ಕೊಡಿಸುತ್ತೇನೆ ಎನ್ನುವವರು ಮೊದಲ ತಿಂಗಳಿಂದಲೇ ಆಕೆಯ ಸಂಬಳಕ್ಕೆ ಕತ್ತರಿ ಹಾಕುತ್ತಿದ್ದಾರೆ.

ಇನ್ನು ಆ ಅಫಿಡವಿಟ್. ಸುಳ್ಳೆಂದು ಗೊತ್ತಿದ್ದೂ ಪ್ರಮಾಣ ಮಾಡುವವರು ನೀವು, ನಿಮ್ಮ ಪಾಸ್‌ಪೋರ್ಟ್ ಮತ್ತು ಸಂಬಳದ ಕಾಗದ ಅದಕ್ಕೆ ಲಗತ್ತು. ಮನಿಲಾ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಅಧಿಕಾರಿಗಳು ಇಂಥವರನ್ನು ಮುಖ ನೋಡಿಯೇ ಗುರುತಿಸುತ್ತಾರೆ. ಊರಲ್ಲಿ ಕೆಲಸವಿಲ್ಲ, ಪುಟ್ಟ ಮಗು, ಮೊದಲ ವಿಮಾನ ಪ್ರಯಾಣ, ದುಬೈ ಟೂರಿಸ್ಟ್ ವೀಸಾ. ಪಕ್ಕಕ್ಕೆ ಕರೆದು ಎಷ್ಟು ದಿನ ಇರುತ್ತೀ, ವಾಪಸ್ ಬಂದು ಏನು ಮಾಡುತ್ತೀ ಎಂದು ಒಂದರ ಮೇಲೊಂದು ಪ್ರಶ್ನೆ. ಉತ್ತರ ಎಡವಿದರೆ ವಿಮಾನ ಹತ್ತಿಸುವುದಿಲ್ಲ, ಅದಕ್ಕೆ ಅಲ್ಲಿ ಎಲ್ಲರೂ ‘ಆಫ್‌ಲೋಡ್’ ಎನ್ನುತ್ತಾರೆ. ಟಿಕೆಟ್ ದುಡ್ಡು ನೀರಿಗೆ, ಅವಮಾನ ಬೇರೆ. ತಪ್ಪಿಸಿಕೊಂಡು ಬಂದರೂ ಯುಎಇಯಲ್ಲಿ ವಿಸಿಟ್ ವೀಸಾ ಮೇಲೆ ದುಡಿಯುವುದು ಅಪರಾಧ. ಪರ್ಮಿಟ್ ಇಲ್ಲದೆ ಮನೆಗೆಲಸಕ್ಕಿಟ್ಟುಕೊಂಡವರಿಗೆ ಮನೆಗೆಲಸದವರ ಕಾನೂನಿನ ಪ್ರಕಾರ 50 ಸಾವಿರದಿಂದ 2 ಲಕ್ಷ ದಿರ್ಹಾಮ್ ದಂಡ. ಅಷ್ಟು ದಂಡದ ಭಯ ಇರುವ ಮನೆಯವರು ಆಕೆಯನ್ನು ಹೊರಗೆ ಬಿಡುತ್ತಾರೆಯೇ, ಯೋಚಿಸಿ. ಮನೆಗೆಲಸದವರಿಗೆ ವಾರದ ರಜೆ ಕೊಡಬೇಕು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದು ಎಂದು ಯುಎಇಯ 2022ರ ಕಾನೂನು ಹೇಳುತ್ತದೆ ನಿಜ. ಆದರೆ ಪರ್ಮಿಟ್ಟೇ ಇಲ್ಲದವಳು ಅದನ್ನು ಕೇಳಲು ಯಾವ ಧೈರ್ಯದಿಂದ ಹೋದಾಳು? ನಮ್ಮ ಕರಾವಳಿಯಿಂದ ವಿಸಿಟ್ ವೀಸಾದಲ್ಲಿ ಗಲ್ಫ್‌ಗೆ ಹೋಗಿ ಸಿಕ್ಕಿಬಿದ್ದವರ ಸಂಕಟ ನೀವೂ ಕೇಳಿಯೇ ಇರುತ್ತೀರಿ.

ಹೆಂಡತಿಯನ್ನು ಇನ್ನೊಂದು ವಿಷಯ ಕೇಳಿ. ಹೀಗೆ ಬಂದವರು ಮೊದಲ ಸಲ ರಜೆಗೆ ಊರಿಗೆ ಹೋದಾಗ, ಮನಿಲಾದಿಂದ ಮತ್ತೆ ಹೊರಡಲು ‘ಓಇಸಿ’ ಎಂಬ, ಹೊರದೇಶದ ಕೆಲಸಕ್ಕೆ ಹೋಗುವವರಿಗೆ ಅವರ ಸರ್ಕಾರ ಕೊಡುವ ಪ್ರಮಾಣಪತ್ರ ಬೇಕೇ ಬೇಕು. ಅದಕ್ಕೆ ದುಬೈನ ಅವರ ಕಾರ್ಮಿಕ ಕಚೇರಿಯಲ್ಲಿ ಕಾಂಟ್ರಾಕ್ಟ್ ವೆರಿಫಿಕೇಷನ್ ಆಗಬೇಕು. ಆ ಓಡಾಟ, ಆತಂಕ ಅವರಿಗೆ ನೆನಪಿರುತ್ತದೆ. ತಂಗಿಯ ಮಾಲೀಕ ಆ ಕಾಗದಗಳಿಗೆ ಸಹಿ ಹಾಕದಿದ್ದರೆ ಅವಳು ಮಗಳನ್ನು ನೋಡಲು ಊರಿಗೆ ಹೋಗುವುದು ಹೇಗೆ, ಹೋದವಳು ಮರಳಿ ಬರುವುದು ಹೇಗೆ?

ಹಾಗಾದರೆ ನೀವು ಮಾಡಬೇಕಾದ್ದೇನು? ಟಿಕೆಟ್‌ಗೆ ಇಟ್ಟಿದ್ದ ದುಡ್ಡನ್ನು ಆ ಕಾಯುವ ತಿಂಗಳುಗಳಿಗೆ ಕೊಡಿ. ಬಡವರು ಅಡ್ಡದಾರಿ ಹಿಡಿಯುವುದು ಆಸೆಯಿಂದಲ್ಲ, ಕಾಯುವ ಶಕ್ತಿ ಇಲ್ಲದೆ. ಮಗುವಿನ ಹಾಲು, ಅಕ್ಕಿ, ಪಾಸ್‌ಪೋರ್ಟ್, ಪೊಲೀಸ್ ಕ್ಲಿಯರೆನ್ಸ್, ಅವರ ಸರ್ಕಾರದ ‘ಟೆಸ್ಡಾ’ ಸಂಸ್ಥೆಯ ಮನೆಗೆಲಸದ ಪ್ರಮಾಣಪತ್ರ, ಇದಿಷ್ಟಕ್ಕೂ ದುಡ್ಡು ಬೇಕು. ಇಲ್ಲದಿದ್ದರೆ ‘ಫೈವ್-ಸಿಕ್ಸ್’ ಸಾಲಕ್ಕೆ ಕೈಹಾಕುತ್ತಾರೆ, 5 ಸಾವಿರ ತಂದರೆ 6 ಸಾವಿರ ತೀರಿಸಬೇಕು. ಆ ಸಾಲ ಹೊತ್ತು ಬಂದವಳು ಎಂಥ ಮನೆಯಲ್ಲೂ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಾಳೆ. ನನಗೆ ಭಯವಾಗುವುದು ಅದಕ್ಕೇ.

ಏಜೆನ್ಸಿ ಎಂದ ಮಾತ್ರಕ್ಕೆ ನಂಬಬೇಡಿ. ಫಿಲಿಪ್ಪೀನ್ಸ್‌ನ ವಲಸೆ ಕಾರ್ಮಿಕರ ಇಲಾಖೆಯ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಊರ್ಜಿತವಾಗಿದೆಯೇ, ಆ ಕೆಲಸಕ್ಕೆ ಅನುಮೋದಿತ ‘ಜಾಬ್ ಆರ್ಡರ್’ (ಹೊರದೇಶದ ಮಾಲೀಕರಿಂದ ಬಂದ ಕೆಲಸದ ಬೇಡಿಕೆ) ಇದೆಯೇ, ಎರಡನ್ನೂ ನೋಡಿ. ಲೈಸೆನ್ಸ್ ಇದ್ದು ಜಾಬ್ ಆರ್ಡರ್ ಇಲ್ಲದವರೂ ಇರುತ್ತಾರೆ. ಮನೆಗೆಲಸದವರಿಂದ ಪ್ಲೇಸ್‌ಮೆಂಟ್ ಫೀ ಎಂದು ಒಂದು ಪೆಸೊ ಕೂಡ ಕೇಳುವಂತಿಲ್ಲ. ಅದನ್ನೇ ‘ಟ್ರೈನಿಂಗ್ ಫೀ’ ಎಂದು ಹೆಸರು ಬದಲಿಸಿ ವಸೂಲು ಮಾಡಿದರೆ, ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಎಂದರೆ, ಎದ್ದು ಬನ್ನಿ ಎಂದು ಹೇಳಿ. ಕಾಂಟ್ರಾಕ್ಟ್‌ನ ಪ್ರತಿ ಪುಟದ ಫೋಟೊ ನಿಮ್ಮ ಫೋನಿನಲ್ಲಿರಲಿ. ಇಲ್ಲಿಗೆ ಬಂದ ಮೇಲೆ ಕಡಿಮೆ ಸಂಬಳದ ಬೇರೆ ಕಾಗದಕ್ಕೆ ಸಹಿ ಹಾಕಿಸುವುದುಂಟು, ಅದು ಅವರ ಕಾನೂನಿನಲ್ಲಿ ಅಪರಾಧ. ಹೊರಡುವ ಮುಂಚಿನ ಕಡ್ಡಾಯ ತರಬೇತಿಯನ್ನು ಬರೀ ಹಾಜರಿ ಹಾಕುವ ದಿನವೆಂದು ಕಳೆಯದಿರಲಿ. ಸಹಾಯವಾಣಿ ನಂಬರ್‌ಗಳು ಸಿಗುವುದೇ ಅಲ್ಲಿ, ಅವು ಬಾಯಿಪಾಠವಾಗಿರಲಿ.

ನಿಮ್ಮಿಂದ ಮಾತ್ರ ಆಗುವ ಕೆಲಸವೂ ಇದೆ. ಎಷ್ಟೋ ಹೆಣ್ಣುಮಕ್ಕಳಿಗೆ ಈ ಊರಲ್ಲಿ ನನ್ನವರು ಎನ್ನುವವರೇ ಇರುವುದಿಲ್ಲ. ಅವಳಿಗೆ ನೀವಿಬ್ಬರೂ ಇದ್ದೀರಿ. ಕೆಲಸಕ್ಕೆ ಸೇರಿದ ವಾರವೇ ಆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಿ, ಕೇಳುವವರಿದ್ದಾರೆ ಎಂದು ಮನೆಯವರಿಗೆ ತಿಳಿಯಲಿ. ಸಂಬಳ ಅವಳದೇ ಹೆಸರಿನ ಖಾತೆಗೆ ಬರಲಿ. ತಿಂಗಳಿಗೆ ಊರಿಗೆಷ್ಟು, ಉಳಿತಾಯಕ್ಕೆಷ್ಟು ಎಂದು ಹೊರಡುವ ಮೊದಲೇ ಅತ್ತೆಯ ಎದುರು ಮಾತಾಗಿರಲಿ, ಆಮೇಲೆ ನೆಂಟರಿಷ್ಟರ ಬೇಡಿಕೆಗೆ ಕೊನೆಯಿರುವುದಿಲ್ಲ.

ಒಂದು ವಿಷಯ ನನ್ನನ್ನು ಕಾಡುತ್ತಿದೆ. ನಿಮ್ಮ ಪತ್ರದಲ್ಲಿ ಹೆಂಡತಿಯ ಮಾತಿದೆ, ಅತ್ತೆಯ ಹಟವಿದೆ, ಶಾರ್ಜಾದವಳ ಆಶ್ವಾಸನೆಯಿದೆ. ಹೋಗಬೇಕಾದವಳ ಮಾತು ಒಂದೂ ಇಲ್ಲ. 3 ವರ್ಷದ ಮಗುವನ್ನು ಬಿಟ್ಟು 2 ವರ್ಷದ ಕಾಂಟ್ರಾಕ್ಟ್‌ಗೆ ಬರುವವಳು ಅವಳು. ಮಗುವಿಗೆ ಜ್ವರ ಬಂದರೆ, ಆಸ್ಪತ್ರೆಯ ಕಾಗದಕ್ಕೆ ಸಹಿ ಬೇಕಾದರೆ ಅಜ್ಜಿಗೆ ಅಧಿಕಾರವಿದೆಯೇ? ನೋಟರಿಯಿಂದ ಪವರ್ ಆಫ್ ಅಟಾರ್ನಿ ಮಾಡಿಸಬೇಕು. ಅದಕ್ಕೂ ಮೊದಲು ಅವಳಿಗೆ ಬರಲು ಮನಸ್ಸಿದೆಯೇ?

ಈ ಭಾನುವಾರ ಹೆಂಡತಿಯ ಪಕ್ಕ ಕುಳಿತು ವಿಡಿಯೊ ಕಾಲ್ ಮಾಡಿ. ಅಲ್ಲಿ ಅವಳೊಬ್ಬಳೇ ಇರಲಿ, ಅತ್ತೆ ಬೇಡ. ‘ಅಫಿಡವಿಟ್‌ಗೆ ಸಹಿ ಹಾಕಲ್ಲ, ಆದರೆ 6 ತಿಂಗಳು ಮನೆಖರ್ಚು ನಾವು ಕಳಿಸ್ತೀವಿ, ನನ್ನ ಸ್ವಂತ ತಂಗಿಗೂ ಇದನ್ನೇ ಹೇಳ್ತಿದ್ದೆ’ ಎಂದು ಇಬ್ಬರೂ ಕೇಳುವಂತೆ ಹೇಳಿ. ಆಮೇಲೆ ಅವಳು ಮಾತಾಡಲಿ. ಇಲೋಯ್ಲೊದಲ್ಲೇ ಏನಾದರೂ ಮಾಡುತ್ತೇನೆ ಎಂದರೆ ಅದೇ ದುಡ್ಡು ಅದಕ್ಕಾಗಲಿ.